ಶಾಗ್ದರಣ್ಣನ ವ್ಯಾನಿನ ಹೊಸ ಕಿಡಿ

ನಮ್ಮೂರಲ್ಲಿ ವ್ಯಾನು ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಎಲ್ಲರೂ ಶೂರರೇ. ಹೆದರುಪುಕ್ಕಲ ಅಂದರೆ ಶಾಗ್ದರಣ್ಣ ಒಬ್ಬನೇ. ಅದಕ್ಕೇ ರೋಗಿಗಳನ್ನು ಎಲ್ಲಿಗಾದರೂ ಸಾಗಿಸಬೇಕಾದಾಗ ನಾನು ಅವನ ಗುಡಾರದ ಬಾಗಿಲನ್ನೇ ತಟ್ಟುವುದು. ಊರಿನ ಪುಟ್ಟ ಆಸ್ಪತ್ರೆಯಲ್ಲಿ ನರ್ಸಾಗಿ ನನ್ನ ತಲೆ ಅರ್ಧ ನೆರೆತಿದೆ. ಶೂರರ ಗಾಡಿ ಹತ್ತಿ ಹೋದವರ ಮುರಿದ ಮೂಳೆ ಕಟ್ಟಿ ಕಟ್ಟಿ ನನಗೆ ಸಾಕಾಗಿ ಹೋಗಿದೆ.

ಅವನ ಹೆದರಿಕೆ ಒಂದೆರಡಲ್ಲ. ಹೆಪ್ಪುಗಟ್ಟಿದ ನದಿ ದಾಟುವ ಮೊದಲು ಇಳಿದು ಮಂಜುಗಡ್ಡೆಯ ಮೇಲೆ ಬೋರಲು ಮಲಗಿ ಕಿವಿಯಿಟ್ಟು ಕೇಳುತ್ತಾನೆ. ಮೇಲೆ ಕಟ್ಟಿದ ಸಾಮಾನಿನ ಗಂಟನ್ನು ತಾನೇ ಬಿಗಿದು, ಬಿಗಿದದ್ದನ್ನು ತಾನೇ ನಂಬದೆ ಮತ್ತೆ ಎಳೆದು ನೋಡುತ್ತಾನೆ. ಇನ್ನು "ಯಾವಾಗ ಮುಟ್ತೀವಿ?" ಅಂತ ಯಾರಾದರೂ ಕೇಳಿಬಿಟ್ಟರೆ ಮುಗಿದೇ ಹೋಯಿತು. ನಮ್ಮ ಕಡೆ ಯಾವ ಡ್ರೈವರನಿಗೂ ಆ ಮಾತು ಆಗಿಬರುವುದಿಲ್ಲ. ದಾರಿಯ ಕಿವಿಗೆ ಬಿದ್ದರೆ ದಾರಿ ಉದ್ದವಾಗುತ್ತದೆ ಅಂತ. ಒಮ್ಮೆ ರಾಜಧಾನಿಯಿಂದ ಬಂದಿದ್ದ ಸಾಹೇಬನೊಬ್ಬ ಬಾಯ್ತಪ್ಪಿ ಕೇಳಿದ. ಶಾಗ್ದರಣ್ಣ ಬಯಲಿನ ನಡುವೆ ಎಂಜಿನ್ ನಿಲ್ಲಿಸಿ ಕೈಕಟ್ಟಿ ಕೂತ. "ಈಗ ಕೇಳಿದ್ದನ್ನ ವಾಪಸ್ ತಗೋ. ಇಲ್ದಿದ್ರೆ ಇಲ್ಲೇ ಇಳಿದು ನಡಿ," ಅಂದ. ಪಾಪ, ಸಾಹೇಬ ಹೇಗೆ ವಾಪಸ್ ತಗೋಬೇಕು ಅಂತ ಗೊತ್ತಾಗದೆ ಕ್ಷಮೆ ಕೇಳಿದ.

ನಗಬೇಡಿ. ಅವನ ಹೆದರಿಕೆಗೆ ಕಾರಣ ಇತ್ತು.

ಅವನ ಅಣ್ಣ ಚೋಯ್ಜಿಲ್ ಲಾರಿ ಓಡಿಸುತ್ತಿದ್ದ. ಒಂದು ಚಳಿಗಾಲ ಲಾರಿ ಘಟ್ಟದ ಆಚೆ ನಿಂತಿತು. ಹಳೇ ಗಾಡಿಗಳಲ್ಲಿ ಕಿಡಿ ಹುಟ್ಟಬೇಕಾದರೆ ಎರಡು ಪುಟ್ಟ ಲೋಹದ ತುದಿಗಳು ಕೂಡಬೇಕು, ಬಿಡಬೇಕು, ಕೂಡಬೇಕು, ಬಿಡಬೇಕು. ಪಾಯಿಂಟು ಅಂತಾರೆ. ಅದು ಸುಟ್ಟು ಕಪ್ಪಾದರೆ ಉಜ್ಜಿ, ನಡುವಿನ ಸಂದು ಸರಿಮಾಡಿ, ಅಕ್ಕಿಕಾಳಿನಷ್ಟು ಸ್ಕ್ರೂ ಬಿಗಿಯಬೇಕು. ಕೈಗವಸು ಹಾಕಿಕೊಂಡು ಆ ಕೆಲಸ ಆಗುವುದಿಲ್ಲ. ಚೋಯ್ಜಿಲ್ ಕೈಗವಸು ತೆಗೆದ. ಎಂಜಲು ಉಗಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವ ಚಳಿ ಅದು. ಬೆರಳು ಮಾತು ಕೇಳದೆ ಹೋದ ಮೇಲೆ ಬೆಂಕಿಕಡ್ಡಿ ಗೀರುವುದಕ್ಕೂ ಆಗಲಿಲ್ಲ. ಹುಡುಕಿಕೊಂಡು ಹೋದ ಶಾಗ್ದರಣ್ಣನಿಗೆ ಅವನು ಸಿಕ್ಕಿದ್ದು ಚಕ್ರಕ್ಕೆ ಒರಗಿ ಕೂತ ಹಾಗೇ. ಬಿಚ್ಚಿದ ಅಂಗೈಗೆ ಆ ಸ್ಕ್ರೂ ಅಂಟಿಕೊಂಡಿತ್ತು.

ಅಂದಿನಿಂದ ತನ್ನ ವ್ಯಾನಿನ ಪಾಯಿಂಟನ್ನು ಕಂಡರೇ ಅವನಿಗಾಗದು. ಹಾವಿನ ಬುಟ್ಟಿ ತೆಗೆದ ಹಾಗೆ ಅದರ ಮುಚ್ಚಳ ತೆಗೆಯುತ್ತಿದ್ದ.

ಆ ವರ್ಷ ಶರತ್ಕಾಲದಿಂದಲೇ ವ್ಯಾನು ಕಾಟ ಕೊಡತೊಡಗಿತು. ಅದೇ ಹೊತ್ತಿಗೆ ಮಗಳು ಸರ್ನೈ ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳ ಗಂಡ ಕುರಿಮಂದೆ ಬಿಟ್ಟು ಬರುವ ಹಾಗಿರಲಿಲ್ಲ. ದಿನ ತುಂಬುವುದು ಸರಿಯಾಗಿ ಕೊರೆಯುವ ಚಳಿಯಲ್ಲಿ. ಹಿಂದೆ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಹೆಚ್ಚುಕಮ್ಮಿಯಾದರೆ ಘಟ್ಟ ದಾಟಿ ಉಲಿಯಾಸ್ತಾಯ್‌ನ ದೊಡ್ಡ ಆಸ್ಪತ್ರೆಗೇ ಹೋಗಬೇಕು ಅಂತ ನಾನೇ ಹೇಳಿಟ್ಟಿದ್ದೆ. ಶಾಗ್ದರಣ್ಣ ರಾತ್ರಿಯೆಲ್ಲ ನಿದ್ದೆಗೆಟ್ಟು ಯೋಚಿಸಿದನಂತೆ. ಪೇಟೆಗೆ ಹೋದವನು ಪಾಯಿಂಟು ಕೂತಿದ್ದ, ಪ್ಲಗ್ಗುಗಳಿಗೆ ಕಿಡಿ ಹಂಚುವ ಹಳೇ ಡಿಸ್ಟ್ರಿಬ್ಯೂಟರನ್ನು ಅಲ್ಲೇ ಬದಲಿಗೆ ಕೊಟ್ಟು ಪಾಯಿಂಟೇ ಇಲ್ಲದ ಹೊಸ ಕಿಡಿ ಸೆಟ್ಟು ಹಾಕಿಸಿಕೊಂಡು ಬಂದ. ಇದರಲ್ಲಿ ಕೂಡುವುದು ಬಿಡುವುದು ಇಲ್ಲ, ಉಜ್ಜುವುದು ಇಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆಯೊಂದು ಲೆಕ್ಕ ಹಾಕಿ ಕಿಡಿ ಕೊಡುತ್ತದೆ. ಜೊತೆಗೆ ಕಿಡಿಗೆ ಬಲ ಕೊಡುವ ಹೊಸ ಕಾಯಿಲ್ಲು, ದಪ್ಪ ವೈರು. "ಕಿಡಿ ಹೇಗಿದೆ ಗೊತ್ತಾ ದುಲ್ಮಾ? ಮೊದಲು ಕೆಂಪಗೆ ಸಾಯೋ ಹಾಗಿರ್ತಿತ್ತು. ಈಗ ನೀಲಿ! ಚಟಾರ್ ಅಂತದೆ!" ಅಂತ ನನಗೆ ಮಗುವಿನ ಹಾಗೆ ಹೇಳಿದ. ಬೆಳಗಿನ ಚಳಿಯಲ್ಲಿ ಒಂದೇ ತಿರುವಿಗೆ ಎಂಜಿನ್ ಹತ್ತಿಕೊಂಡಾಗ ಅವನು ಅಳುವುದೊಂದು ಬಾಕಿ.

ಆದರೆ ನಮ್ಮ ಜನ ಸುಮ್ಮನೆ ಬಿಡುತ್ತಾರೆಯೇ! ಬಾವಿಯ ಹತ್ತಿರ, ಅಂಗಡಿಯ ಹತ್ತಿರ ಇದೇ ಮಾತು.

"ಪಾಯಿಂಟು ಕೈಕೊಟ್ರೆ ಉಜ್ಜಬಹುದಿತ್ತು ಶಾಗ್ದರ್. ಪೆಟ್ಟಿಗೆ ಸತ್ರೆ ಏನ್ ಮಾಡ್ತೀಯ? ಬಾಯಿಗೆ ನೀರು ಬಿಡ್ತೀಯಾ?"

"ಲಾಮಾನ್ನ ಜೊತೇಲೇ ಕೂರಿಸ್ಕೊಂಡು ಹೋಗಪ್ಪ. ಅದಕ್ಕೆ ಸ್ಪ್ಯಾನರ್ ಬೇಡ, ಮಂತ್ರ ಬೇಕು!"

ಅವನು ನಗುತ್ತಿದ್ದ. ಆದರೆ ಅಲ್ಲಿಗೆ ಹಳೇ ಹೆದರಿಕೆ ಇಳಿದು ಹೊಸದು ಹತ್ತಿ ಕೂತಿತ್ತು. ದಾರಿಯಲ್ಲಿ ಎಂಜಿನ್ ಸ್ವಲ್ಪ ಕೆಮ್ಮಿದರೂ ಅವನ ಕಣ್ಣು ಆ ಪೆಟ್ಟಿಗೆ ಇರುವ ಕಡೆಗೇ ಹೋಗುತ್ತಿತ್ತು.

ಹೆಂಡತಿ ಯಾಂಜ್ಮಕ್ಕನಿಗೆ ಬೇರೆಯದೇ ತಗಾದೆ. "ಹೊಸ ಜೀವ ಮನೆಗೆ ಬಂದ್ರೆ ಹಾಲು ಬೇಡ್ವಾ? ಗಾಡಿಗೆ ಹೊಸ ಗುಂಡಿಗೆ ಹಾಕಿಸ್ಕೊಂಡ್ ಬಂದು ಒಣಗಿಸಿ ಇಟ್ಟಿದ್ದೀಯಲ್ಲ!" ಅಂತಿದ್ದಳು. ಪ್ರಯಾಣ ಹೊರಟವರ ಬೆನ್ನಿಗೆ ಹಾಲು ಚಿಮುಕಿಸದೆ ನಮ್ಮಲ್ಲಿ ಯಾವ ಹೆಂಗಸೂ ಒಳಗೆ ಹೋಗುವುದಿಲ್ಲ. ಕುದುರೆಯಾದರೆ ಕುದುರೆಗೆ, ಗಾಡಿಯಾದರೆ ಚಕ್ರಕ್ಕೆ. ಯಾಂಜ್ಮಕ್ಕ ಈ ವಿಷಯದಲ್ಲಿ ಒಂದು ಕೈ ಮೇಲೆ. ಹಳೇ ಎಂಜಿನ್ನಿನ ಮೇಲೂ ವರ್ಷಕ್ಕೊಮ್ಮೆ ಹಾಲು ಬಿಡುತ್ತಿದ್ದಳು, ಅದಕ್ಕೆ ಏನೂ ಆಗಿರಲಿಲ್ಲ. "ಚಕ್ರಕ್ಕೆ ಹಾಕು, ಸಾಕು," ಅಂದುಬಿಟ್ಟ ಶಾಗ್ದರಣ್ಣ.

ಸರ್ನೈಗೆ ರಕ್ತ ಕಾಣಿಸಿಕೊಂಡದ್ದು ಮೂರನೇ ಒಂಬತ್ತರಲ್ಲಿ. ಚಳಿಗಾಲವನ್ನು ಒಂಬತ್ತೊಂಬತ್ತು ದಿನವಾಗಿ ಎಣಿಸುವ ನಾವು ಆ ಒಂಬತ್ತರಲ್ಲಿ ನಾಯಿಯನ್ನೂ ಹೊರಗೆ ಹಾಕುವುದಿಲ್ಲ. ನಾನು ನೋಡಿದೆ. ಅವಳ ಹೊಟ್ಟೆಯ ಮೇಲೆ ಕಿವಿಯಿಟ್ಟು ಕೇಳಿದೆ. ಕೂಸಿನ ಎದೆಬಡಿತ ಇತ್ತು, ಆದರೆ ನನಗೆ ಬೇಕಾದ ಹಾಗೆ ಇರಲಿಲ್ಲ. ನಮ್ಮ ಆಸ್ಪತ್ರೆಯ ಗಾಡಿ ಇನ್ನೊಂದು ದಿಕ್ಕಿಗೆ ಹೋಗಿತ್ತು. ಉಲಿಯಾಸ್ತಾಯ್‌ನ ಡಾಕ್ಟರು ಫೋನಿನಲ್ಲಿ, "ಅಲ್ಲಿಟ್ಕೊಂಡು ಕೂರ್ಬೇಡಿ ದುಲ್ಮಾ, ಕತ್ತಲಾಗೋದ್ರೊಳಗೆ ನನ್ನ ಮೇಜಿನ ಮೇಲಿರ್ಬೇಕು ಅವಳು," ಅಂದರು. ಆ ದನಿಯಲ್ಲೇ ನನಗೆ ಎಲ್ಲ ಅರ್ಥವಾಯಿತು. ತಡವಾದರೆ ಕೂಸು ಇಲ್ಲ, ಬಹುಶಃ ಹುಡುಗಿಯೂ ಇಲ್ಲ.

ಶಾಗ್ದರಣ್ಣ ತಗಡಿನಲ್ಲಿ ಸಗಣಿ ಕೆಂಡ ಹಾಕಿ ವ್ಯಾನಿನ ಹೊಟ್ಟೆಯಡಿ ತಳ್ಳಿ ಎಣ್ಣೆ ಕರಗಿಸುತ್ತಿದ್ದ. ನಾನು ಸರ್ನೈಯನ್ನು ತುಪ್ಪಳದಲ್ಲಿ ಸುತ್ತಿ ತಂದೆ. ಹಿಂದಿನ ಸೀಟಿನಲ್ಲಿ ಮಲಗಿಸಿ ತಾಯಿಯ ತೊಡೆಗೆ ತಲೆ ಕೊಟ್ಟೆ, ಕಾಲ ಹತ್ತಿರ ನಾನು ಕೂತೆ. ಎಂಜಿನ್ ಒಂದೇ ತಿರುವಿಗೆ ಹತ್ತಿಕೊಂಡಿತು. ಆ ನೀಲಿ ಕಿಡಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಬಯಲಿಗೆ ಬಿದ್ದೆವು. ಸರ್ನೈ ಒಮ್ಮೆ, "ಅಪ್ಪಾ, ಇನ್ನೂ..." ಅಂದವಳು ತಾನೇ ನಾಲಗೆ ಕಚ್ಚಿಕೊಂಡು ಸುಮ್ಮನಾದಳು. ನನಗೂ ಕೇಳಬೇಕು ಅನ್ನಿಸುತ್ತಿತ್ತು. ಕೇಳಲಿಲ್ಲ.

ಘಟ್ಟದ ಏರು ಶುರುವಾಯಿತು. ಅರ್ಧ ಏರಿರಬೇಕು, ಎಂಜಿನ್ ಒಮ್ಮೆ ತಡವರಿಸಿತು. ಶಾಗ್ದರಣ್ಣನ ಹೆಗಲು ಸೆಟೆದುಕೊಂಡಿತು. ಮತ್ತೊಮ್ಮೆ. ಆಮೇಲೆ ಫಟ್ ಫಟ್ ಅಂತ ಹೊಗೆಕೊಳವೆ ಸಿಡಿಯಿತು, ವ್ಯಾನು ಎರಡು ಸಲ ಜಗ್ಗಿ ನಿಂತೇಬಿಟ್ಟಿತು. ಗಾಳಿಯೊಂದೇ ಉಳಿಯಿತು. ಅಂಥ ನಿಶ್ಶಬ್ದ ಶತ್ರುವಿಗೂ ಬೇಡ.

ಕೀಲಿ ತಿರುಗಿಸಿದ. ಎಂಜಿನ್ ಗೊರಗೊರ ಅಂದಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದ. ಇಲ್ಲ.

ಆಮೇಲೆ ಅವನು ಏನೂ ಮಾಡಲಿಲ್ಲ. ಎರಡೂ ಕೈ ತೊಡೆಯ ಸಂದಿಯಲ್ಲಿ ಇಟ್ಟುಕೊಂಡು ಮುಂದೆ ನೋಡುತ್ತ ಕೂತ.

"ಶಾಗ್ದರಣ್ಣ! ಮುಚ್ಚಳ ತೆಗೆದು ನೋಡೋ!"

"ನೋಡಕ್ಕೇನಿದೆ? ಪೆಟ್ಟಿಗೆ ಸತ್ತಿದೆ." ದನಿ ಅವನದಲ್ಲ ಅನ್ನಿಸಿತು. "ಎಲ್ರೂ ಹೇಳಿದ್ರು. ಅದನ್ನ ಉಜ್ಜಕ್ಕಾಗಲ್ಲ, ಬಿಚ್ಚಕ್ಕಾಗಲ್ಲ. ನಾನೇ ನನ್ನ ಮಗಳನ್ನ ತಂದು ಇಲ್ಲಿ..."

"ಬಾಯ್ಮುಚ್ಚು! ಆ ಮಾತು ಪೂರ್ತಿ ಮಾಡಿದ್ರೆ ನೋಡು!"

ಹಾಗೆ ಕೂಗಿದವಳು ನಾನೇ. ಎಷ್ಟೋ ಹೆರಿಗೆ ನೋಡಿದ್ದೇನೆ, ಎಷ್ಟೋ ಸಾವನ್ನೂ ನೋಡಿದ್ದೇನೆ, ಅಷ್ಟು ಹೆದರಿದ್ದು ಮಾತ್ರ ಅವತ್ತೇ. ಕಿಟಕಿಯ ಗಾಜಿನ ಒಳಮೈಗೆ ಅಂಚಿನಿಂದ ಹಿಮ ಹತ್ತುತ್ತ ಬರುತ್ತಿತ್ತು. ಸರ್ನೈಯ ಅಡಿಯ ಬಟ್ಟೆ ಬದಲಾಯಿಸಿ ಸ್ವಲ್ಪ ಹೊತ್ತಾಗಿತ್ತಷ್ಟೆ, ಆಗಲೇ ಮತ್ತೆ ರಕ್ತದಲ್ಲಿ ಒದ್ದೆ. ಆ ಘಟ್ಟದಲ್ಲಿ ಅವತ್ತು ಇನ್ನೊಂದು ಗಾಡಿ ಬರುವ ನಂಬಿಕೆ ಇರಲಿಲ್ಲ. ಎಂಜಿನ್ನಿನ ಬಿಸಿ ಆರುವವರೆಗೆ ನಾವು ಬದುಕಿರುತ್ತೇವೆ, ಆಮೇಲೆ ಗೊತ್ತಿಲ್ಲ. ಇದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಸರ್ನೈ ನಮ್ಮ ಮುಖ ನೋಡುತ್ತಿದ್ದಳು.

ತಡೆಯಲಾರದೆ ಮುಂದಕ್ಕೆ ನುಗ್ಗಿದೆ. ನಮ್ಮ ವ್ಯಾನುಗಳಲ್ಲಿ ಎಂಜಿನ್ ಇರುವುದು ಒಳಗೇ, ಎರಡು ಸೀಟುಗಳ ನಡುವೆ. ಕಂಬಳಿ ಎಳೆದು ಅದರ ಮುಚ್ಚಳ ಎತ್ತಿದೆ. ಬಿಸಿ ಹಬೆ ಮುಖಕ್ಕೆ ಬಡಿಯಿತು. ಜೊತೆಗೆ ಒಂದು ವಾಸನೆ. ಪೆಟ್ರೋಲಲ್ಲ, ಎಣ್ಣೆಯಲ್ಲ. ಪ್ರತಿದಿನ ಒಲೆಯ ಮುಂದೆ ನಿಲ್ಲುವ ಹೆಂಗಸಿಗೆ ಆ ವಾಸನೆ ಬೇರೆಯವರು ಹೇಳಬೇಕೇ?

"ಇದೇನಿದು, ಹಾಲು ಸೀದ ವಾಸನೆ?"

ಶಾಗ್ದರಣ್ಣ ಮೊದಲ ಸಲ ತಿರುಗಿ ನೋಡಿದ. ಬಗ್ಗಿ ಮೂಸಿದ. ಒಂದು ಕೈಯಲ್ಲಿ ಕಂಬಳಿ ಮೇಲೆ ಹಿಡಿದು ಬೆಳಕು ಮರೆಮಾಡಿ ಇನ್ನೊಂದು ಕೈಯಲ್ಲಿ ಕೀಲಿ ತಿರುಗಿಸಿದ. ಆಗ ಕಂಡಿತು. ಡಿಸ್ಟ್ರಿಬ್ಯೂಟರಿನ ಕಪ್ಪು ಟೋಪಿಯ ಮೇಲೆ ದಪ್ಪ ವೈರುಗಳ ಬುಡದಿಂದ ಬುಡಕ್ಕೆ ನೀಲಿ ಎಳೆಗಳು ಹುಳುವಿನ ಹಾಗೆ ಹರಿದಾಡುತ್ತಿದ್ದವು. ಪ್ಲಗ್ಗಿಗೆ ಹೋಗಬೇಕಾದ ಕಿಡಿಯೆಲ್ಲ ಅಲ್ಲೇ, ಹೊರಗೇ, ಎಂಜಿನ್ ಬಿಸಿಯೇರಿದ ಹಾಗೆ ಕರಗಿ ಸೀದು ಕಂದುಗಟ್ಟಿದ ಹಾಲಿನ ಕೆನೆಯ ಮೇಲೆ ಓಡಿ ಹಾಳಾಗುತ್ತಿತ್ತು.

"ಪೆಟ್ಟಿಗೆ ಸತ್ತಿಲ್ಲ," ಅಂದ ಮೆಲ್ಲಗೆ. "ಪೆಟ್ಟಿಗೆ ಬದುಕಿದೆ!" ಆಮೇಲೆ ಹಿಂದಕ್ಕೆ ತಿರುಗಿದ. "ಯಾಂಜ್ಮಾ. ಇದರ ಮೇಲೆ ಹಾಲು ಹಾಕ್ದೆಯಾ?"

ಯಾಂಜ್ಮಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. "ನೀನು ಕೆಂಡ ಹಾಕ್ತಾ ಕೆಳಗಿದ್ದೆ. ಹೊಸ ಗುಂಡಿಗೆ... ಮಗಳನ್ನ ಹೊತ್ಕೊಂಡು ಹೋಗೋದು ಅದೇ ಅಲ್ವಾ ಅಂತ... ಮೊದಲು ಕರೆದ ಹಾಲು, ಒಂದು ಸೌಟು..."

"ಒಂದು ಸೌಟು!"

"ಹಳೇದಕ್ಕೆ ಏನೂ ಆಗ್ತಿರ್ಲಿಲ್ಲ!"

"ಹಳೇದ್ರ ಕಿಡೀಲಿ ದಮ್ಮೇ ಇರ್ಲಿಲ್ಲ ಕಣೇ! ಇದು ಸಂದು ಸಿಕ್ಕಿದ ಕಡೆಯೆಲ್ಲ ನುಗ್ಗತ್ತೆ!"

ಬಯ್ಯುತ್ತಲೇ ಸೀಟಿನಡಿಯಿಂದ ಚಿಂದಿ ಬಟ್ಟೆ ಎಳೆದ. ಟೋಪಿಯ ಕ್ಲಿಪ್ಪು ಬಿಚ್ಚಿ ಕೈಗೆ ತಗೊಂಡ. ಇನ್ನೇನು ಒರೆಸಬೇಕು, ಯಾಂಜ್ಮಕ್ಕ ನನ್ನನ್ನು ಹಿಂದಕ್ಕೆಳೆದು ಕೂರಿಸಿ, ಮಗಳ ತಲೆಯನ್ನು ನನ್ನ ಮಡಿಲಿಗೆ ತಳ್ಳಿ ಬಂದು ಅವನ ಮಣಿಕಟ್ಟು ಹಿಡಿದುಕೊಂಡಳು.

"ಒರೆಸ್ಬೇಡ!"

"ಬಿಡು!"

"ಅವಳ ಹೆಸರು ಹೇಳಿ, ಕೂಸಿನ ಹೆಸರಲ್ಲಿ ಬಿಟ್ಟ ಹಾಲು ಅದು. ಕೊಳೆ ಬಟ್ಟೇಲಿ ಒರೆಸಿ ಹೊರಗೆ ಎಸೀತೀಯಾ? ಹಿಂದಿನ ಸಲ ಒಲೆ ಮೇಲೆ ಹಾಲು ಉಕ್ಕಿ ಬೂದಿಗೆ ಬಿತ್ತು, ಬೂದಿ ಜೊತೆ ಗೋರಿ ಹೊರಗೆ ಹಾಕ್ದೆ. ಆ ವಾರಾನೇ ಕೂಸು ಹೋಯ್ತು. ನಾನು ಯಾರಿಗೂ ಹೇಳಿಲ್ಲ. ನನ್ನ ಕೈಯಾರೆ ಎಸೆದೆ ಕಣೋ!"

ಶಾಗ್ದರಣ್ಣನ ಕೈ ನಿಂತಿತು. ಅಯ್ಯೋ, ನಿಂತೇಬಿಟ್ಟಿತು! ಜೀವಮಾನವಿಡೀ ಹೆದರಿದ ಮನುಷ್ಯ ಅವನು, ಆ ಮಾತು ಅವನಿಗೆ ನಾಟದೆ ಇರುತ್ತದೆಯೇ? ಬಟ್ಟೆ ಹಿಡಿದ ಕೈ ಟೋಪಿಯಿಂದ ಒಂದು ಗೇಣು ದೂರದಲ್ಲೇ ಉಳಿಯಿತು. ನಾನು ಓದಿದವಳು, ಕಿತ್ತುಕೊಂಡು ನಾನೇ ಒರೆಸಬಹುದಿತ್ತು ಅಂತ ನೀವು ಹೇಳುತ್ತೀರಿ. ನಾನೂ ಅದೇ ಊರಲ್ಲಿ ಹುಟ್ಟಿದವಳು. ನನ್ನ ಕೈಯೂ ಏಳಲಿಲ್ಲ. ಒರೆಸಿ, ಆಮೇಲೆ ಕೂಸಿಗೆ ಏನಾದರೂ ಆದರೆ ಆ ತಾಯಿಯ ಮುಖ ಹೇಗೆ ನೋಡಲಿ?

ಆಗ ನನ್ನ ಮಡಿಲಿನಿಂದ ಸರ್ನೈ, "ಅಮ್ಮಾ, ಕಾಲು ಗೊತ್ತಾಗ್ತಾ ಇಲ್ಲ," ಅಂದಳು. ಅತ್ತು ಹೇಳಲಿಲ್ಲ, ಸುಮ್ಮನೆ ಹೇಳಿದಳು.

ಯಾಂಜ್ಮಕ್ಕ ಗಂಡನ ಕೈಯಿಂದ ಆ ಕಪ್ಪು ಟೋಪಿಯನ್ನು ತಗೊಂಡಳು. ವೈರುಗಳು ಅದಕ್ಕೆ ನೇತಾಡುತ್ತಲೇ ಇದ್ದವು. ಎಂಜಿನ್ನಿನ ಮೇಲೆ ಬಗ್ಗಿ, ಅದನ್ನು ಬಾಯಿಗಿಟ್ಟು ನೆಕ್ಕತೊಡಗಿದಳು. ಎಣ್ಣೆ, ಮಸಿ, ಧೂಳು, ಸೀದ ಹಾಲು, ಯಾವುದನ್ನೂ ಬಿಡಲಿಲ್ಲ. ವೈರಿನ ಬುಡದ ಸಂದಿಗಳಿಗೆ ನಾಲಗೆ ಹಾಕಿದಳು. ಗಟ್ಟಿಯಾದದ್ದನ್ನು ಹಲ್ಲಿನಿಂದ ಕೆರೆದಳು. ನುಂಗಿದಳು. ಓಕರಿಕೆ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದು ಮತ್ತೆ ನುಂಗಿದಳು.

"ಎಸೆದಿಲ್ಲ. ಯಾರೂ ಎಸೆದಿಲ್ಲ," ಅಂತ ಬಿಕ್ಕಿದಳು. "ಸೀದ ಹಾಲಲ್ಲಿ ಏನ್ ಕೇಡಿದ್ರೂ ನನ್ನ ಹೊಟ್ಟೇಲೇ ಇರ್ಲಿ. ಈಗ ಒರೆಸ್ಕೋ."

ಶಾಗ್ದರಣ್ಣ ಕೈಗವಸು ತೆಗೆದ. ಸೀದು ಕರಿಗೆರೆ ಬಿದ್ದಿದ್ದ ಕಡೆ ಚಾಕುವಿನ ತುದಿಯಿಂದ ಕೆರೆದ. ನನ್ನ ಸ್ಪಿರಿಟ್ ಬಾಟಲಿ ಕಸಿದುಕೊಂಡು ಉಜ್ಜಿದ, ಬಟ್ಟೆ ಬಿಟ್ಟು ತನ್ನ ತಲೆಯ ಮೇಲಿನ ಟೋಪಿಯ ತುಪ್ಪಳದಿಂದ ಒಳಗೂ ಹೊರಗೂ ಒಣಗಿಸಿದ. ಬೆರಳು ಬೆಳ್ಳಗಾಗುತ್ತಿದ್ದವು. ಕ್ಲಿಪ್ಪು ಒಂದು ಸಲ ಜಾರಿತು, ಇನ್ನೊಂದು ಸಲ ಜಾರಿತು. ಅಣ್ಣನ ಹೆಸರು ಹಿಡಿದು ಏನೋ ಗೊಣಗಿದ. ಮೂರನೆಯ ಸಲ ಕೂತಿತು.

ಕೀಲಿ ತಿರುಗಿಸಿದ. ಗೊರಗೊರ. ಮತ್ತೆ ಗೊರಗೊರ, ಬ್ಯಾಟರಿಯ ದನಿ ಇಳಿಯುತ್ತ ಹೋಯಿತು. ಇನ್ನೊಂದೇ ತಿರುವು ಉಳಿದಿದ್ದೀತು ಅಂತ ನಾನು ಕಣ್ಣು ಮುಚ್ಚಿಕೊಂಡೆ. ಕೆಮ್ಮಿತು. ಎರಡು ಉಸಿರು ಬಿಟ್ಟಿತು. ಆಮೇಲೆ ನಾಲ್ಕೂ ಸಿಲಿಂಡರು ಒಟ್ಟಿಗೆ ಗುಡುಗಿದವು. ನಾನು ಗೊಳೋ ಅಂತ ಅತ್ತುಬಿಟ್ಟೆ.

ಘಟ್ಟದ ನೆತ್ತಿಯ ದೇವರ ಕಲ್ಲುಗುಪ್ಪೆಗೆ ಇಳಿದು ಪ್ರದಕ್ಷಿಣೆ ಹಾಕಲು ಹೊತ್ತಿರಲಿಲ್ಲ. ಕೈಮುಗಿಯುವ ಬದಲು ಹಾರನ್ ಒತ್ತಿಕೊಂಡೇ ದಾಟಿದೆವು. ಇಳಿಜಾರಿನಲ್ಲಿ ಶಾಗ್ದರಣ್ಣ ಶೂರರ ಹಾಗೆ ಓಡಿಸಿದ. ನಾನು ಒಂದೇ ಒಂದು ಸಲವೂ ಬಯ್ಯಲಿಲ್ಲ.

ಕತ್ತಲಾಗುವ ಮೊದಲೇ ಸರ್ನೈ ಡಾಕ್ಟರ ಮೇಜಿನ ಮೇಲಿದ್ದಳು. ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು ಕೂಸು, ನೀಲಿಗಟ್ಟಿತ್ತು. ಮೊದಲು ಅಳಲಿಲ್ಲ. ಆಮೇಲೆ ಆಸ್ಪತ್ರೆಯೇ ಹಾರಿಹೋಗುವ ಹಾಗೆ ಅತ್ತಿತು. ಸರ್ನೈ ಉಸಿರೇ ನಿಂತಿತೇನೋ ಅನ್ನುವಷ್ಟು ಬಿಳಿಚಿಕೊಂಡಿದ್ದಳು, ಆದರೆ ಉಳಿದಳು.

ಓಡಿ ಬಂದು ಹೇಳಿದೆ. ಶಾಗ್ದರಣ್ಣ ಗೋಡೆಗೆ ಒರಗಿದ. ಯಾಂಜ್ಮಕ್ಕ ಮಾತ್ರ ಹೊರಬಾಗಿಲ ಹತ್ತಿರದಿಂದ ಕದಲಲಿಲ್ಲ. ಬಾಯ ಸುತ್ತ ಮಸಿ ಹಾಗೇ ಇತ್ತು.

"ಬಾ ಅಕ್ಕ, ಮೊಮ್ಮಗಳನ್ನ ನೋಡು."

"ನಾನು ಬರಲ್ಲ ದುಲ್ಮಾ. ಹೊಟ್ಟೇಲಿ ಆ ಕೇಡಿದೆ. ಎಳೇ ಕೂಸು, ನನ್ನ ಉಸಿರು ತಾಗ್ಬಾರ್ದು. ನೀವ್ ಹೋಗಿ ನೋಡಿ, ನಂಗೆ ಹೇಳಿ ಸಾಕು."

"ಹುಚ್ಚಿಡಿದಿದೆಯಾ ನಿಂಗೆ!" ಅಂತ ರೇಗಿದೆ. ಡಾಕ್ಟರ ಬಾಯಿಂದ ಹೇಳಿಸುತ್ತೇನೆ ಅಂದೆ. ತಲೆ ಅಲ್ಲಾಡಿಸಿದಳು. ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು, ಹೆಗಲು ಕುಲುಕುತ್ತಿತ್ತು. ತಿಂಗಳಾದರೂ, ವರ್ಷವಾದರೂ ಆ ಹೆಂಗಸು ಕೂಸನ್ನು ಮುಟ್ಟುವುದಿಲ್ಲ ಅಂತ ನನಗೆ ಖಾತ್ರಿಯಾಯಿತು. ಅವಳನ್ನು ನಾನು ಬಲ್ಲೆ.

ಶಾಗ್ದರಣ್ಣ ಹೊರಗೆ ಹೋದ. ಎಂಜಿನ್ನಿಗೆ ಕಂಬಳಿ ಹೊದಿಸಲು ಹೋದ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಂದ. ಅವನ ತುಟಿಯೂ ಕಪ್ಪಾಗಿತ್ತು. ಮುಖ ಹುಳ್ಳಗೆ ಮಾಡಿಕೊಂಡು ಏನೋ ನುಂಗುತ್ತಿದ್ದ.

"ವೈರಿನ ರಬ್ಬರೊಳಗೆ ಇನ್ನೂ ಒಣಗಿ ಅಂಟ್ಕೊಂಡಿತ್ತು," ಅಂದ. "ನಾನೂ ತಿಂದೆ."

ಯಾಂಜ್ಮಕ್ಕ ಬೆಚ್ಚಿ ತಿರುಗಿದಳು. "ನೀನ್ಯಾಕೆ...!"

"ಬರೋದಿದ್ರೆ ಇಬ್ರಿಗೂ ಬರ್ಲಿ." ಕೈ ನಡುಗುತ್ತಿತ್ತು, ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಆ ನಡುಗುವ ಕೈಯನ್ನೇ ಚಾಚಿದ. "ಬಾ. ಒಬ್ಬನೇ ಹೋಗಿ ನೋಡಕ್ಕೆ ನಂಗೆ ಆಗಲ್ಲ."

ಅವಳು ನಿಲುವಂಗಿಯ ತೋಳಿನಿಂದ ಅವನ ತುಟಿ ಒರೆಸಿದಳು. ಆಮೇಲೆ ಇಬ್ಬರೂ ಒಳಗೆ ಹೋದರು.